ಮನೆಯ ಇಲಿಕಾಟ: ಪಾಷಾಣಕ್ಕಿಂತ ಮೊದಲು ದಾರಿ ಮುಚ್ಚಿ

ಇಲಿಕಾಟ ಶುರುವಾದ ಕೂಡಲೇ ಅಂಗಡಿಗೆ ಹೋಗಿ ಪಾಷಾಣ ತರುವುದು ಹಲವರ ರೂಢಿ. ಆದರೆ ಅದು ಕಟ್ಟಕಡೆಗೆ ಯೋಚಿಸಬೇಕಾದ ಉಪಾಯ. ಹೆಣ್ಣಿಲಿ ಸುಮಾರು 3 ವಾರಗಳ ಗರ್ಭದ ನಂತರ ಒಂದೇ ಸೂಲಿಗೆ ಐದಾರು ಮರಿ ಹಾಕುವುದರಿಂದ, ಒಳಗೆ ಬರುವ ದಾರಿ ಮತ್ತು ಸುಲಭವಾಗಿ ಸಿಗುವ ಆಹಾರ ಎರಡೂ ಹಾಗೆಯೇ ಉಳಿದರೆ, ಸತ್ತ ಇಲಿಗಳ ಜಾಗವನ್ನು ಬೇರೆ ಇಲಿಗಳು ಬೇಗನೆ ತುಂಬುತ್ತವೆ.

ಮೊದಲು ಬಂದಿರುವುದು ಯಾವುದೆಂದು ತಿಳಿಯಬೇಕು. ಹಿಕ್ಕೆ ಅಕ್ಕಿಕಾಳಿನಷ್ಟಿದ್ದರೆ ಅದು ಚಿಟ್ಟಿಲಿ; ಒಂದು ಸೆಂಟಿಮೀಟರ್ ದಾಟಿದ್ದರೆ ದೊಡ್ಡ ಇಲಿ. ರಾತ್ರಿ ಅಟ್ಟದ ಮೇಲೆ, ಹೆಂಚಿನ ಕೆಳಗೆ ಓಡಾಡುವುದು ಸಾಮಾನ್ಯವಾಗಿ ಮರ ಹತ್ತಬಲ್ಲ ಕರಿ ಇಲಿ. ಬಚ್ಚಲಿನ ಹಿಂದೆ, ಪಾಯದ ಪಕ್ಕದಲ್ಲಿ ಮಣ್ಣು ತೋಡಿ ಗುಡ್ಡೆ ಹಾಕುವುದು ಹೆಗ್ಗಣ. ಓಡಾಟದ ಜಾಡು ಕಾಣದಿದ್ದರೆ ಮಲಗುವ ಮುನ್ನ ಗೋಡೆಯಂಚಿನಲ್ಲಿ ರಂಗೋಲಿ ಪುಡಿಯನ್ನು ತೆಳುವಾಗಿ ಉದುರಿಸಿಡಿ. ಹೆಜ್ಜೆ ಗುರುತುಗಳು ಬೆಳಿಗ್ಗೆ ದಾರಿಯನ್ನು ತೋರಿಸುತ್ತವೆ.

ನಿಜವಾದ ಕೆಲಸವಿರುವುದು ಈ ದಾರಿಗಳನ್ನು ಮುಚ್ಚುವುದರಲ್ಲಿ. ಚಿಟ್ಟಿಲಿಗೆ ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ಸಂದು ಸಾಕು. ಆದ್ದರಿಂದ ಸಿಂಕಿನ ಕೊಳವೆ ಗೋಡೆ ಸೇರುವ ಜಾಗ, ಗ್ಯಾಸ್ ಪೈಪಿನ ತೂತು, ಬಚ್ಚಲಿನ ಮೋರಿ, ಹಿತ್ತಿಲ ಬಾಗಿಲಿನ ಅಡಿ, ಅಟ್ಟದ ಗವಾಕ್ಷಿ ಇವನ್ನೆಲ್ಲ ಹಗಲಿನಲ್ಲಿ ಟಾರ್ಚ್ ಹಿಡಿದು ಒಂದೊಂದಾಗಿ ನೋಡಬೇಕು. ಬಟ್ಟೆ, ಥರ್ಮಾಕೋಲ್, ಮರದ ತುಂಡುಗಳನ್ನು ಇಲಿ ಕಡಿದು ಹಾಕುತ್ತದೆ. ತೂತಿಗೆ ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಒತ್ತಿ ತುರುಕಿ ಮೇಲೆ ಸಿಮೆಂಟ್ ಮೆತ್ತಿದರೆ ಬಾಳಿಕೆ ಬರುತ್ತದೆ. ಮೋರಿಗೆ ಲೋಹದ ಜಾಲರಿ, ಬಾಗಿಲಿನ ಅಡಿಗೆ ತಗಡಿನ ಪಟ್ಟಿ ಬೇಕು. ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆಗಳಲ್ಲಿ ಮಾಡಿಗೆ ತಾಗುವ ಮರದ ಕೊಂಬೆ, ತೆಂಗಿನ ಗರಿಗಳನ್ನು ಕಡಿಯದೆ ಉಳಿದ ಶ್ರಮವೆಲ್ಲ ವ್ಯರ್ಥ.

ಅಕ್ಕಿ, ರಾಗಿ, ಶೇಂಗಾ, ಕೊಬ್ಬರಿಗಳನ್ನು ಗೋಣಿಚೀಲದಲ್ಲಿ ಬಿಡದೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬ ಅಥವಾ ತಗಡಿನ ಡ್ರಮ್ಮಿಗೆ ಹಾಕಿ. ಎಂಜಲು ಪಾತ್ರೆಯನ್ನು, ನಾಯಿಯ ಅನ್ನದ ತಟ್ಟೆಯನ್ನು ರಾತ್ರಿಯಿಡೀ ಬಿಡಬೇಡಿ.

ದಾರಿ ಮುಚ್ಚುವಾಗ ಒಳಗೇ ಉಳಿದವುಗಳಿಗೆ ಬೋನು ಸಾಕು. ಇಲಿ ಬಯಲಿಗಿಂತ ಗೋಡೆಯಂಚಿನಲ್ಲೇ ಓಡುವುದರಿಂದ ಬೋನನ್ನು ಗೋಡೆಗೆ ತಾಗಿಸಿಯೇ ಇಡಬೇಕು. ಸುಟ್ಟ ಕೊಬ್ಬರಿ, ವಡೆ, ಒಣಮೀನಿನ ಚೂರು ಒಳ್ಳೆಯ ಆಮಿಷಗಳು. ದೊಡ್ಡ ಇಲಿ ಹೊಸ ವಸ್ತುವಿಗೆ ಹೆದರುತ್ತದೆ. ಆದ್ದರಿಂದ ಕೆಲವು ರಾತ್ರಿ ಬೋನಿನ ಬಾಗಿಲನ್ನು ಬೀಳದಂತೆ ಕಟ್ಟಿ, ತಿಂಡಿ ಮಾತ್ರ ಇಟ್ಟು ಅಭ್ಯಾಸವಾದ ಮೇಲೆ ಹೂಡಬೇಕು. ಅಂಟು ಹಲಗೆಯನ್ನು ಮಾತ್ರ ದಯವಿಟ್ಟು ಬಳಸಬೇಡಿ. ಅದಕ್ಕೆ ಸಿಕ್ಕ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ, ಹಲ್ಲಿ ಮತ್ತು ಹಕ್ಕಿಗಳೂ ಸಿಕ್ಕಿಕೊಳ್ಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಅದನ್ನು ವಿರೋಧಿಸಿದೆ.

ಪಾಷಾಣದ ಬಗ್ಗೆ ನಾನು ಕಟುವಾಗಿಯೇ ಹೇಳುತ್ತೇನೆ. ಹಳದಿ ರಂಜಕವಿರುವ ಇಲಿ ಪೇಸ್ಟ್ ನೋಡಲು ಟೂತ್‌ಪೇಸ್ಟಿನಂತಿರುತ್ತದೆ. ಅದನ್ನು ನುಂಗಿದವರು ಮರುದಿನ ಚೇತರಿಸಿಕೊಂಡಂತೆ ಕಂಡರೂ ಬಳಿಕ ಯಕೃತ್ತು ಕೆಟ್ಟು ಸಾಯಬಹುದು, ಮತ್ತು ಅದಕ್ಕೆ ಪ್ರತಿವಿಷವಿಲ್ಲ. ಹೊಲಕ್ಕೆ ಬಳಸುವ ಜಿಂಕ್ ಫಾಸ್ಫೈಡ್ ಹೊಟ್ಟೆಯೊಳಗೆ ವಿಷಾನಿಲ ಬಿಡುತ್ತದೆ, ಅದಕ್ಕೂ ಪ್ರತಿವಿಷವಿಲ್ಲ. ಮಕ್ಕಳಿರುವ ಮನೆಯೊಳಗೆ ಇವೆರಡೂ ಇರಲೇಬಾರದು. ಬ್ರೊಮಾಡಿಯೋಲೋನ್ ಬಿಲ್ಲೆಗಳಿಗೆ ವಿಟಮಿನ್ ಕೆ ಚಿಕಿತ್ಸೆ ಇದೆಯಾದರೂ, ಅವನ್ನು ತಿಂದ ಇಲಿ ಕೆಲವು ದಿನ ಬದುಕಿದ್ದು ಎಲ್ಲೋ ಸಂದಿಯಲ್ಲಿ ಸತ್ತು ನಾರುತ್ತದೆ. ಅದನ್ನು ಹಿಡಿದು ತಿಂದ ಬೆಕ್ಕು ಮತ್ತು ಗೂಬೆಗೂ ವಿಷವೇರುತ್ತದೆ. ಯಾರಾದರೂ ಪಾಷಾಣ ನುಂಗಿದ ಅನುಮಾನ ಬಂದರೆ, ಲಕ್ಷಣಗಳಿಗೆ ಕಾಯದೆ ಅದರ ಪೊಟ್ಟಣದ ಸಮೇತ ಆಸ್ಪತ್ರೆಗೆ ಧಾವಿಸಿ.

ಇಲಿ ಓಡಾಡಿದ ಜಾಗವನ್ನು ಒಣಗಿದ್ದಂತೆಯೇ ಗುಡಿಸಬಾರದು. ಕೈಗವಸು, ಮಾಸ್ಕ್ ಹಾಕಿಕೊಂಡು ಕಿಟಕಿ ತೆರೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯ ಮೇಲೆ ಚಿಮುಕಿಸಿ, 5 ನಿಮಿಷ ನೆನೆದ ಮೇಲೆ ಒರೆಸಿ ತೆಗೆಯಿರಿ. ಇಲಿ ಜ್ವರ ಎಂದು ಕರೆಯುವ ಲೆಪ್ಟೊಸ್ಪೈರೋಸಿಸ್ ಇಲಿಯ ಮೂತ್ರದಿಂದ, ಮುಖ್ಯವಾಗಿ ಮಳೆಗಾಲದ ನಿಂತ ನೀರಿನ ಮೂಲಕ, ಕಾಲಿನ ಬಿರುಕು ಗಾಯಗಳಿಂದ ದೇಹ ಸೇರುತ್ತದೆ. ಇಂಥ ಕೆಲಸದ ನಂತರದ ದಿನಗಳಲ್ಲಿ ಜ್ವರದೊಂದಿಗೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ, ಮನೆಯಲ್ಲಿ ಇಲಿಕಾಟವಿತ್ತೆಂಬುದನ್ನು ವೈದ್ಯರಿಗೆ ನೀವಾಗಿಯೇ ತಿಳಿಸಿ; ಬೇಗ ಗುರುತಿಸಿದರೆ ಸಾಮಾನ್ಯ ಆಂಟಿಬಯೋಟಿಕ್‌ಗಳಿಂದ ಅದು ಗುಣವಾಗುತ್ತದೆ.