ಇಂಗ್ಲಿಷ್ ಸಬ್‌ಟೈಟಲ್ ಬಿಟ್ಟ ಮೇಲೆ ಕೊರಿಯನ್ ತಲೆಗೆ ಹತ್ತಿತು

"ಆ ಹುಡುಗಿ ಅವನನ್ನ ಅಪ್ಪ ಅಂತ ಯಾಕೆ ಕರೀತಾಳೆ? ಈಗ ತಾನೇ ಲವರ್ ಅಂದ್ಯಲ್ಲ?"

ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿದಳು. 2020ರ ಲಾಕ್‌ಡೌನ್. ಹಾಸನದ ನಮ್ಮ ಮನೆಯ ಹಾಲಿನಲ್ಲಿ ನಾನು ದಿನಕ್ಕೆ ನಾಲ್ಕು ಎಪಿಸೋಡ್ ಕೊರಿಯನ್ ಡ್ರಾಮಾ ನೋಡುತ್ತಿದ್ದೆ. ಅದು ಅಪ್ಪ ಅಲ್ಲಮ್ಮ, ಓಪ್ಪಾ ಎಂದೆ. ಹುಡುಗಿಯರು ಅಣ್ಣನನ್ನು ಹಾಗೆ ಕರೆಯುತ್ತಾರೆ, ಲವರ್ ವಯಸ್ಸಿನಲ್ಲಿ ದೊಡ್ಡವನಾದರೆ ಅವನನ್ನೂ ಹಾಗೇ ಕರೆಯುತ್ತಾರೆ. ಅಮ್ಮನಿಗೆ ಇದು ಇನ್ನೂ ಕೆಟ್ಟದಾಗಿ ಕೇಳಿಸಿತು. ನಮ್ಮಲ್ಲಿ ಅಣ್ಣ ಅಂದರೆ ಕಥೆ ಅಲ್ಲಿಗೇ ಮುಗಿಯಿತು, ಅಲ್ವಾ? "ಮತ್ತೆ ಅಪ್ಪನಿಗೆ ಏನಂತಾರೆ?" ಅಪ್ಪಾ ಅಂತಲೇ. ಅಮ್ಮನಿಗೆ ಒಮ್ಮಾ. ಅಮ್ಮ ಸೊಪ್ಪು ಪಕ್ಕಕ್ಕಿಟ್ಟು ಟಿವಿ ಕಡೆ ತಿರುಗಿ ಕೂತಳು.

ಅಪ್ಪ, ಅಮ್ಮ ಎನ್ನುವಂಥ ಪದಗಳು ಲೋಕದ ಎಷ್ಟೋ ಭಾಷೆಗಳಲ್ಲಿ ಸಿಗುತ್ತವೆ. ಮಗುವಿನ ಬಾಯಿಗೆ ಮೊದಲು ಬರುವ ಸದ್ದುಗಳೇ ಅವು. ಆದರೆ 1905ರಲ್ಲಿ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಮಿಷನರಿ ಕೊರಿಯನ್ ವ್ಯಾಕರಣವನ್ನೂ ದ್ರಾವಿಡ ಭಾಷೆಗಳ ವ್ಯಾಕರಣವನ್ನೂ ಪಕ್ಕಪಕ್ಕ ಇಟ್ಟು ಪುಸ್ತಕವನ್ನೇ ಬರೆದಿದ್ದ. ಇವೆರಡೂ ಒಂದೇ ಕುಟುಂಬ ಎಂಬುದನ್ನು ಇವತ್ತಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಇರಲಿ. ನೆಂಟರಲ್ಲದಿದ್ದರೂ ಅಕ್ಕಪಕ್ಕದ ಮನೆಯವರ ಥರ ಇದ್ದಾರೆ ಅನ್ನುವುದು ನನಗೆ ನಿಧಾನವಾಗಿ ಗೊತ್ತಾಯಿತು.

ಕೊರಿಯನ್ ಕಲಿಯೋಣ ಎಂದು ಲಿಪಿಯಿಂದ ಶುರು ಮಾಡಿದೆ. ಅವರ ಹಾಂಗುಲ್ ಲಿಪಿಯನ್ನು ಕೊರಿಯಾದ ಸೆಜೊಂಗ್ ರಾಜ 1443ರಲ್ಲಿ ಮಾಡಿಸಿ 1446ರಲ್ಲಿ ಜನರಿಗೆ ಕೊಟ್ಟ. ಅಲ್ಲಿಯವರೆಗೆ ಬರೆಯಲು ಚೀನಾದ ಅಕ್ಷರಗಳೇ ಗತಿ, ಸಾಮಾನ್ಯ ಜನರಿಗೆ ಅವು ಕೈಗೆ ಸಿಗುತ್ತಿರಲಿಲ್ಲ. ಈಗ ಇರುವುದು 14 ವ್ಯಂಜನ, 10 ಸ್ವರ. 'ಗ' ಬರೆಯುವ ಗೆರೆ ನಾಲಿಗೆಯ ಬುಡ ಮೇಲೇಳುವ ಆಕಾರ. 'ನ' ನಾಲಿಗೆಯ ತುದಿ ಮೇಲೆ ತಾಗುವ ಆಕಾರ. 'ಗ'ಗೆ ಒಂದು ಗೆರೆ ಸೇರಿಸಿದರೆ ನಮ್ಮ 'ಖ'ಗೆ ಹತ್ತಿರದ ಸದ್ದು. ಒಂದು ವಾರ ಸಾಕಾಯಿತು.

ಸಾಕಾಯಿತು ಅಂದುಕೊಂಡೆ, ಅಷ್ಟೆ. ಹಾಂಗುಲ್‌ನಲ್ಲಿ ಅಕ್ಷರಗಳನ್ನು ಒಂದು ಚೌಕದೊಳಗೆ ಜೋಡಿಸುತ್ತಾರೆ, ಕೊನೆಯ ವ್ಯಂಜನ ಕೆಳಗೆ ಕೂರುತ್ತದೆ. ಕೆಳಗೆ ಕೂತದ್ದನ್ನು ನೋಡಿದರೆ ಕನ್ನಡದ ಕಣ್ಣಿಗೆ ಅದು ಒತ್ತಕ್ಷರ. ಬೆಟ್ಟಕ್ಕೆ 'ಸಾನ್' ಎನ್ನುತ್ತಾರೆ. ಮೇಲೆ ಸಾ, ಕೆಳಗೆ ನ್. ನಾನು ಅದನ್ನು ತಿಂಗಳುಗಟ್ಟಲೆ 'ಸ್ನಾ' ಅಂತ ಓದಿದೆ! ಒತ್ತು ಸ್ವರಕ್ಕಿಂತ ಮೊದಲು ಬರುತ್ತದೆ, ಇದು ಸ್ವರ ಆದಮೇಲೆ ಬರುತ್ತದೆ ಎಂದು ಕಣ್ಣಿಗೆ ಅಭ್ಯಾಸ ಮಾಡಿಸಬೇಕಾಯಿತು. ಅದಕ್ಕೆ ಮನೆಯ ಸಾಮಾನಿನ ಚೀಟಿಯನ್ನೇ ಹಾಂಗುಲ್‌ನಲ್ಲಿ ಬರೆಯತೊಡಗಿದೆ. ಅಲ್ಲಿ ರ, ಲ ಎರಡಕ್ಕೂ ಒಂದೇ ಅಕ್ಷರ. ಎರಡು ಸ್ವರಗಳ ನಡುವೆ ಬಂದರೆ ಅದು ರ. ಹಾಲು ಅಂತ ಬರೆದದ್ದು ತಿರುಗಿ ಓದಿದರೆ 'ಹಾರು'. ಹಾರು ಅಂದರೆ ಕೊರಿಯನ್‌ನಲ್ಲಿ ಒಂದು ದಿನ. ಫ್ರಿಜ್ ಮೇಲೆ ವಾರವೆಲ್ಲಾ "ಒಂದು ದಿನ, ಅರ್ಧ ಲೀಟರ್" ಎಂಬ ಚೀಟಿ ಅಂಟಿಕೊಂಡಿತ್ತು.

ವ್ಯಾಕರಣಕ್ಕೆ ಬಂದಾಗ ಸಿಕ್ಕಿಹಾಕಿಕೊಂಡೆ. ಎಲ್ಲ ಪಾಠಗಳೂ ಇಂಗ್ಲಿಷಿನಲ್ಲಿ. ಕ್ರಿಯಾಪದ ಕೊನೆಗೆ ಬರುತ್ತದೆ, ಹೆಸರಿನ ಹಿಂದೆ ಬಾಲ ಅಂಟುತ್ತದೆ ಎಂದು ಅವರು ದೊಡ್ಡ ಬೆಟ್ಟ ಹತ್ತಿಸುವವರ ಹಾಗೆ ವಿವರಿಸುತ್ತಿದ್ದರು. ನಾನೂ ಪೆದ್ದಿಯ ಹಾಗೆ ಅವರ ಜೊತೆ ಹತ್ತುತ್ತಿದ್ದೆ. ಒಂದು ರಾತ್ರಿ ಡ್ರಾಮಾದಲ್ಲಿ "ಬಿಗಾ ವಾಯೊ" ಅಂದರು. ಸಬ್‌ಟೈಟಲ್‌ನಲ್ಲಿ 'ಇಟ್ಸ್ ರೈನಿಂಗ್'. ಬಿ ಅಂದರೆ ಮಳೆ, ವಾಯೊ ಅಂದರೆ ಬರುತ್ತೆ. ಅಯ್ಯೋ, ಮಳೆ ಬರ್ತಿದೆ! ಅದೇ ಎಪಿಸೋಡಿನಲ್ಲಿ "ಜಾಮಿ ವಾಯೊ". ನಿದ್ದೆ ಬರ್ತಿದೆ. ನಡುವೆ ಇಂಗ್ಲಿಷ್ ಯಾಕೆ ಬೇಕಿತ್ತು?

ಮಾರನೇ ದಿನ ಹೊಸ ನೋಟ್‌ಬುಕ್ ತಂದೆ. ಎಡಕ್ಕೆ ಕೊರಿಯನ್, ಬಲಕ್ಕೆ ಕನ್ನಡ. ಇಂಗ್ಲಿಷಿಗೆ ಜಾಗವೇ ಇಲ್ಲ. 'ಉರಿ ಜಿಪ್', ನಮ್ಮ ಮನೆ. ಒಬ್ಬಳೇ ಇರುವವಳೂ ನನ್ನ ಮನೆ ಅನ್ನುವುದಿಲ್ಲ. 'ಉರಿ ಒಮ್ಮಾ', ನಮ್ಮಮ್ಮ. 'ಮೊಗೊ ಬ್ವಾ', ತಿಂದು ನೋಡು. 'ಕಾತ್ತಾ ಓಲ್ಕೆಯೊ', ಹೋಗಿ ಬರ್ತೀನಿ. 'ನೆಗಾ ಒಜೆ ಬೊನ್ ದ್ರಾಮಾ', ನಾನು ನಿನ್ನೆ ನೋಡಿದ ಡ್ರಾಮಾ. ಒಂದೊಂದು ಪದವೂ ಅದೇ ಸಾಲಿನಲ್ಲಿದೆ, ನೋಡಿ. ಚಿಂಗು ಅಂದರೆ ಸ್ನೇಹಿತ, ಸ್ನೇಹಿತನಿಗೆ ಅನ್ನಲು 'ಚಿಂಗುಎಗೆ'. ಆ 'ಗೆ' ಸಿಕ್ಕಿದ ದಿನ ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಎದೆ ಢವಢವ ಅನ್ನುವುದಕ್ಕೆ 'ದುಗುನ್‌ದುಗುನ್'. ಯಾರನ್ನಾದರೂ ನೆನೆದು ಸಂಕಟವಾದರೆ 'ಬೊಗೊ ಶಿಪ್ಪೊ', ನೋಡಬೇಕು ಅನ್ನಿಸ್ತಿದೆ. ಬಿಟಿಎಸ್ ಎಂಬ ಕೊರಿಯನ್ ಹಾಡುಗಾರರ ತಂಡದ ಒಂದು ಹಾಡು ಈ ಮಾತಿನಿಂದಲೇ ಶುರುವಾಗುತ್ತದೆ. 'ಮಿಸ್ ಯೂ' ಎಂದು ಓದಿಕೊಂಡು ಕೇಳುತ್ತಿದ್ದಾಗ ಅದು ನನ್ನನ್ನು ಅಷ್ಟಾಗಿ ತಟ್ಟಿರಲಿಲ್ಲ.

ಒಂದು ಎಪಿಸೋಡನ್ನು ಮೂರು ಸಲ ನೋಡುತ್ತಿದ್ದೆ. ಮೊದಲು ಸಬ್‌ಟೈಟಲ್ ಇಟ್ಟು, ಆಮೇಲೆ ತೆಗೆದು, ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ ಬಾಯಲ್ಲಿ ಹೇಳುತ್ತಾ. ಡ್ರಾಮಾಗಿಂತ ಜಾಸ್ತಿ ಕಲಿಸಿದ್ದು ಅಡುಗೆ ವಿಡಿಯೊಗಳು. ಅಲ್ಲಿ ಅವೇ ಇಪ್ಪತ್ತು ಮಾತು, ಅದೂ ನಿಧಾನವಾಗಿ. ಹೆಚ್ಚಿ, ಹಾಕಿ, ಕಲಸಿ. ಕೊನೆಗೆ ಚಮಚದಲ್ಲಿ ಸ್ವಲ್ಪ ತೆಗೆದುಕೊಂಡು 'ಕಾನ್ ಬೊಸೆಯೊ'. ಕಾನ್ ಅಂದರೆ ಉಪ್ಪಿನ ಹದ, ಬೊಸೆಯೊ ಅಂದರೆ ನೋಡಿ. ಉಪ್ಪು ನೋಡಿ! ಹಾಗೇ ನೋಡಿಕೊಂಡು ಕಿಮ್ಚಿ, ಅಂದರೆ ಅವರ ಎಲೆಕೋಸಿನ ಹುಳಿ ಉಪ್ಪಿನಕಾಯಿ, ಹಾಕಿದೆವು. ಅವರ ಮೆಣಸಿನಪುಡಿ ದುಬಾರಿ, ನಾವು ಬ್ಯಾಡಗಿ ಬಳಸಿದೆವು. ಬಣ್ಣ ಚೆನ್ನಾಗಿ ಬಂತು, ಖಾರವೂ ಮಿತಿಯಲ್ಲೇ ಇತ್ತು. ಮೀನಿನ ಸಾಸ್ ಹಾಕಲಿಲ್ಲ. ಮೂರನೇ ದಿನ ಡಬ್ಬಿ ಮುಚ್ಚಳ ತೆಗೆದಾಗ ಅಪ್ಪ ಗೇಟಿನವರೆಗೆ ಹೋಗಿ ನಿಂತರು.

ಕನ್ನಡವನ್ನು ನಂಬಿ ಎಡವಿದ್ದೂ ಇದೆ. ಆನ್‌ಲೈನಿನಲ್ಲಿ ಮಾತಾಡಲು ಕೊರಿಯಾದ ಬುಸಾನ್ ಊರಿನ ಒಬ್ಬ ಟೀಚರ್ ಸಿಕ್ಕಿದ್ದರು, ಅಮ್ಮನ ವಯಸ್ಸಿನವರು. ನಿಘಂಟಿನಲ್ಲಿ 'ನೀವು' ಎಂಬುದಕ್ಕೆ 'ದಾಂಗ್ಶಿನ್' ಅಂತಿತ್ತು. ಮರ್ಯಾದೆಯ ಪದ ಸಿಕ್ಕಿತೆಂದು ಖುಷಿಯಿಂದ ಪ್ರತಿ ವಾಕ್ಯದಲ್ಲೂ ದಾಂಗ್ಶಿನ್ ಹಾಕಿದೆ. ಅವರು ಮೊದಲು ಸುಮ್ಮನಿದ್ದರು, ಆಮೇಲೆ ನಕ್ಕರು. ಆ ಪದ ಗಂಡ ಹೆಂಡತಿ ನಡುವೆ ನಡೆಯುತ್ತದಂತೆ, ಇಲ್ಲವೇ ರಸ್ತೆಯಲ್ಲಿ ಗಾಡಿ ತಾಗಿಸಿಕೊಂಡು ಜಗಳವಾಡುವಾಗ. ದೊಡ್ಡವರಿಗೆ 'ನೀವು' ಅನ್ನಲೇಬಾರದು, 'ಸೊನ್ಸೆಂಗ್ನಿಮ್' ಎಂದೇ ಕರೆಯಬೇಕು. ಮೇಷ್ಟ್ರು ಕಾಫಿ ಕುಡೀತಾರಾ ಎಂದು ಎದುರಿಗಿರುವ ಮೇಷ್ಟ್ರನ್ನೇ ಕೇಳಿದ ಹಾಗೆ.

ಇನ್ನೊಂದು ತೊಂದರೆ, ಅವರ ಕ್ರಿಯಾಪದಕ್ಕೆ ನಾನು ನೀನು ಅವನು ಎಂಬ ಭೇದವಿಲ್ಲ. ಹೋದೆ, ಹೋದಳು, ಹೋದರು ಎಲ್ಲಕ್ಕೂ 'ಕಾಸ್ಸೊಯೊ'. ಮಾತಿನಲ್ಲಿ ಕರ್ತೃವನ್ನೂ ಬಿಟ್ಟುಬಿಡುತ್ತಾರೆ. ಯಾರು ಹೋದರು ಎಂದು ಊಹಿಸುವಷ್ಟರಲ್ಲಿ ಸೀನೇ ಮುಗಿದಿರುತ್ತದೆ. ಅಂಕಿಗಳಲ್ಲೂ ಎರಡು ಬಗೆ. ಗಂಟೆ ಹೇಳಲು ದೇಸಿ ಅಂಕಿ, ನಿಮಿಷ ಹೇಳಲು ಚೀನಾದಿಂದ ಬಂದ ಅಂಕಿ. ನಾನು ಈಗಲೂ ಟೈಮ್ ಹೇಳುವಾಗ ತಡವರಿಸುತ್ತೇನೆ.

ಕೊರಿಯನ್ ಎಷ್ಟು ಬರುತ್ತದೆ ಎಂದು ಅಳೆಯುವ ಟೋಪಿಕ್ ಒಂದನೇ ಪರೀಕ್ಷೆ ಬರೆದೆ. ಕೇಳುವ 30 ಪ್ರಶ್ನೆ, ಓದುವ 40, ಸಮಯ 100 ನಿಮಿಷ. 200ಕ್ಕೆ 80 ಬಂದರೆ ಮೊದಲ ಹಂತ, 140 ಬಂದರೆ ಎರಡನೇ ಹಂತ. ನನಗೆ 147 ಬಂತು. ಜಾಸ್ತಿ ಏನಲ್ಲ. ಆದರೆ ಬಿಟಿಎಸ್‌ನ ಹುಡುಗರು ಮಿಲಿಟರಿ ಸೇವೆ ಮುಗಿಸಿ ಬಂದು ಲೈವ್‌ನಲ್ಲಿ ಕೂತಾಗ ಅನುವಾದಕ್ಕೆ ಕಾಯಬೇಕಾಗಲಿಲ್ಲ. "ಬಾಪ್ ಮೊಗೊಸ್ಸೊಯೊ?" ಕೇಳಿಸಿತು, ಊಟ ಆಯ್ತು ಅಂತ ಬಾಯಿಗೆ ತಾನಾಗೇ ಬಂತು.

ರಾಜರ ಕಾಲದ ಡ್ರಾಮಾಗಳು ಮಾತ್ರ ಇನ್ನೂ ಕಬ್ಬಿಣದ ಕಡಲೆ. ಹಳೇ ಮಾತು, ಉದ್ದುದ್ದ ಗೌರವದ ಬಾಲಗಳು. ನಮ್ಮ ಪೌರಾಣಿಕ ಸಿನಿಮಾ ಥರಾನೇ ಎಂದು ಅಮ್ಮ ಅವನ್ನೇ ಇಷ್ಟಪಟ್ಟು ನೋಡುತ್ತಾಳೆ. ಅವಳು ಅಲ್ಲಿಂದ ಕಲಿತದ್ದು ಒಂದೇ ಪದ, 'ಜೊನ್ಹಾ'. ಪ್ರಭು ಅಂತ ಅರ್ಥ. ಸಂಜೆ ಕಾಫಿ ಲೋಟ ಹಿಡಿದು "ಜೊನ್ಹಾ" ಎಂದು ಅಪ್ಪನನ್ನು ಕರೆಯುತ್ತಾಳೆ. ಅಪ್ಪ ಅದು ಕಿಮ್ಚಿಗೆ ಸಂಬಂಧಿಸಿದ ಏನೋ ಅಂದುಕೊಂಡು ಮೊದಲು ಲೋಟ ಮೂಸಿ ನೋಡುತ್ತಾರೆ.