ಮೊದಲು 4ರ ಲೆನ್ಸು

ಮೈಕ್ರೋಸ್ಕೋಪಿನಲ್ಲಿ ಸ್ಲೈಡ್ ಇಟ್ಟ ತಕ್ಷಣ 40ರ (40 ಪಟ್ಟು ಹಿಗ್ಗಿಸುವ) ಲೆನ್ಸಿಗೆ ಕೈ ಹಾಕುವ ಪೆಥಾಲಜಿ ಪಿಜಿ ವಿದ್ಯಾರ್ಥಿಗಳನ್ನು ಕಂಡರೆ ನನಗೆ ಸಿಡುಕು. ಚರ್ಮದ ಗಂಟು ಸಾಧುವೋ ಕೆಟ್ಟದ್ದೋ (ಕ್ಯಾನ್ಸರೋ) ಎಂಬುದು ಬಹುಪಾಲು 4ರಲ್ಲೇ ಗೊತ್ತಾಗುತ್ತದೆ. ತೀರಾ ಹತ್ತಿರ ಹೋದರೆ ಎಲ್ಲ ಕೋಶಗಳೂ ಕಳ್ಳರ ಹಾಗೇ ಕಾಣುತ್ತವೆ.

ಅದಕ್ಕೂ ಮುಂಚೆ ಗಂಟಿನ ಜೊತೆ ಬಂದ ಫಾರಂ ಓದಿ: ವಯಸ್ಸು, ಜಾಗ, ಎಷ್ಟು ದಿನದ ಗಂಟು. ಆಮೇಲೆ 4ರಲ್ಲಿ ನೋಡಿ. ನಡುವೆ ಗೆರೆ ಎಳೆದರೆ ಎಡವೂ ಬಲವೂ ಒಂದೇ ಥರ ಇದೆಯೇ? ಅಂಚು ಸುತ್ತಲಿನದನ್ನು ಪಕ್ಕಕ್ಕೆ ತಳ್ಳಿದೆಯೋ, ಬೇರಿನಂತೆ ನುಗ್ಗಿದೆಯೋ? ಮೇಲೆ ಹುಣ್ಣಾಗಿದೆಯೇ?

ಜನ ನರುಲಿ ಎಂದು ತೋರಿಸುವ ಸೆಬೊರಿಕ್ ಕೆರಟೋಸಿಸ್‌ಗೆ ಇಷ್ಟೇ ಸಾಕು. ಸಾಮಾನ್ಯವಾಗಿ ತಳ ಸ್ಕೇಲಿಟ್ಟು ಎಳೆದಷ್ಟು ನೇರ, ಒಳಗೆ ಪದರಪದರದ ಕೆರಾಟಿನ್ ಗುಂಡುಗಳು.

ಅಂಚು ಚೊಕ್ಕವಿದ್ದರೆ ಸಾಧು ಎಂಬ ನಿಯಮವನ್ನು ಡರ್ಮಟೋಫೈಬ್ರೋಮ (ಚರ್ಮದೊಳಗಿನ ನಾರಿನ ಗಂಟು) ಮುರಿಯುತ್ತದೆ. ಅಂಚು ಚೊಕ್ಕವಾಗಿರುವುದಿಲ್ಲ, ಆದರೂ ಸಾಧುವೇ. ಅಂಚಿನಲ್ಲಿ ಕೋಶಗಳು ದಪ್ಪ ಕೊಲಾಜನ್ ಎಳೆಗಳನ್ನು ಒಂದೊಂದಾಗಿ ಸುತ್ತುವರಿದಿರುತ್ತವೆ, ಮೇಲಿನ ಎಪಿಡರ್ಮಿಸ್ (ಚರ್ಮದ ಹೊರಪದರ) ದಪ್ಪಗಾಗಿರುತ್ತದೆ. ಆದರೆ ಕೋಶಗಳು ಕೊಬ್ಬಿನೊಳಗೆ ಜೇನುಗೂಡಿನಂತೆ ಹೆಣೆದುಕೊಂಡಿದ್ದರೆ ಡಿಎಫ್‌ಎಸ್‌ಪಿಯ (ಡರ್ಮಟೋಫೈಬ್ರೋಸಾರ್ಕೋಮ ಪ್ರೊಟ್ಯುಬರನ್ಸ್ ಎಂಬ ಕ್ಯಾನ್ಸರ್) ಅನುಮಾನ ಇರಲಿ, ಅದರ ಕೋಶಗಳನ್ನು ಗುರುತಿಸುವ ಸಿಡಿ34 ಸ್ಟೇನ್ ಹಾಕಿಸಿ.

ನಾನು ಎಡವಿದ್ದು ಪೈಲೋಮ್ಯಾಟ್ರಿಕೋಮದಲ್ಲಿ. ಶಾಲೆಗೆ ಹೋಗುವ ಹುಡುಗಿ, ಕಿವಿಯ ಮುಂದೆ ಕಲ್ಲಿನಂಥ ಗಂಟು. ಸೂಜಿ ಪರೀಕ್ಷೆಯಲ್ಲಿ ಬರೀ ಸಣ್ಣ ನೀಲಿ ಕೋಶಗಳು, ಒತ್ತೊತ್ತಾಗಿ, ಅಲ್ಲಲ್ಲಿ ವಿಭಜನೆ. ‘ಕ್ಯಾನ್ಸರ್ ಅನುಮಾನ’ ಎಂದು ಬರೆದುಬಿಟ್ಟೆ. ವಾರದ ಬಳಿಕ ಇಡೀ ಗಂಟು ಬಂತು. ಸೆಕ್ಷನ್ ಕತ್ತರಿಸುವಾಗ ಬ್ಲೇಡು ಕರಕರ ಎಂದಿತಂತೆ, ಟೆಕ್ನಿಷಿಯನ್ ನನಗೇ ಬೈದರು. ಆ ಕರಕರವೇ ಸುಳಿವು, ಅದು ಕ್ಯಾಲ್ಸಿಯಂ. ಸ್ಲೈಡಿನಲ್ಲಿ ನೀಲಿ ಕೋಶಗಳ ಪಕ್ಕದಲ್ಲೇ ಗುಲಾಬಿ ಹಾಳೆಗಳು. ಪ್ರತಿ ಕೋಶದ ನಡುವೆ ನ್ಯೂಕ್ಲಿಯಸ್ ಇದ್ದ ಜಾಗ ಖಾಲಿ. ಘೋಸ್ಟ್ ಸೆಲ್. ನಮ್ಮ ಟೆಕ್ನಿಷಿಯನ್ ಮಂಗಳೂರಿನವರು, ‘ಭೂತ’ ಎಂದೇ ಕರೆಯುತ್ತಾರೆ. ಇದು ಕೂದಲಿನ ಬುಡದಿಂದ ಹುಟ್ಟುವ ಸಾಧು ಗಂಟು. ಮಕ್ಕಳ ಮುಖ, ಕುತ್ತಿಗೆಯಲ್ಲಿ ಹೆಚ್ಚು. ಆ ಒಂದು ವಾರ ಅವಳ ಅಮ್ಮ ಹೇಗೆ ನಿದ್ದೆ ಮಾಡಿದರೋ. ಅಂದಿನಿಂದ ಮಕ್ಕಳ ಮುಖದ ಸೂಜಿ ಪರೀಕ್ಷೆಯಲ್ಲಿ ನೀಲಿ ಕೋಶ ಕಂಡರೆ ಮೊದಲು ಭೂತಗಳನ್ನೇ ಹುಡುಕುತ್ತೇನೆ.

ನಿಜವಾದ ತಲೆನೋವು ಟ್ರೈಕೋಎಪಿಥೀಲಿಯೋಮ, ಕೂದಲಿನ ಬುಡದ ಇನ್ನೊಂದು ಸಾಧು ಗಂಟು. ಬೇಸಲ್ ಸೆಲ್ ಕಾರ್ಸಿನೋಮಕ್ಕೂ (ಚರ್ಮದ ಒಂದು ಕ್ಯಾನ್ಸರ್) ಇದಕ್ಕೂ ಮೇಲ್ನೋಟಕ್ಕೆ ಅವಳಿ ಹೋಲಿಕೆ. ನಾನು ಬಿರುಕು ಎಲ್ಲಿದೆ ಎಂದು ನೋಡುತ್ತೇನೆ. ಗೆಡ್ಡೆಯ ಕೋಶಗಳಿಗೂ ಸುತ್ತಲಿನ ಸ್ಟ್ರೋಮಕ್ಕೂ (ಆಧಾರದ ಅಂಗಾಂಶ) ನಡುವೆಯೇ ಬಿಟ್ಟುಕೊಂಡಿದ್ದರೆ ಬೇಸಲ್ ಸೆಲ್ ಕಡೆ ವಾಲುತ್ತೇನೆ. ಸ್ಟ್ರೋಮ ಗೆಡ್ಡೆಗೆ ಅಂಟಿಕೊಂಡೇ ಇದ್ದು, ಅದರಾಚೆ ಬಿರುಕಿದ್ದರೆ ಟ್ರೈಕೋಎಪಿಥೀಲಿಯೋಮ. ಕೂದಲಿನ ಬುಡದ ಪ್ಯಾಪಿಲ್ಲಾವನ್ನು ಅಣಕಿಸುವ ದುಂಡು ಕೋಶಗುಚ್ಛ ಸಿಕ್ಕರೆ ಧೈರ್ಯ ಹೆಚ್ಚುತ್ತದೆ. ಇನ್ನೂ ಗೊಂದಲವಿದ್ದರೆ ಸಿಕೆ20 ಸ್ಟೇನ್: ಚದುರಿದ ಮರ್ಕೆಲ್ ಕೋಶಗಳು (ಸ್ಪರ್ಶ ಗ್ರಹಿಸುವ ಚರ್ಮಕೋಶಗಳು) ಕಂಡರೆ ಅದು ಟ್ರೈಕೋಎಪಿಥೀಲಿಯೋಮದ ಪರ.

ಆದರೆ ಕೆಲವೊಮ್ಮೆ ಬರುವುದು ಮೇಲೆ ಹೆರೆದ ಉಗುರಿನಷ್ಟು ಚೂರು. ಅದರಲ್ಲಿ ತಳವಿಲ್ಲ, ಅಂಚಿಲ್ಲ. ಅಂಥದ್ದಕ್ಕೆ ‘ಸಾಧು’ ಎಂಬ ಪದ ಬಳಸಬೇಡಿ. ‘ತಳದ ಅಂಚು ಸಿಕ್ಕಿಲ್ಲ, ಪೂರ್ತಿ ತೆಗೆದು ಕಳಿಸಿ’ ಎಂದು ಬರೆದು, ಸರ್ಜನ್‌ಗೆ ಫೋನೂ ಮಾಡಿ. ರಿಪೋರ್ಟಿನ ಕೊನೇ ಸಾಲನ್ನು ಎಲ್ಲರೂ ಓದುವುದಿಲ್ಲ.