ಲೀಕ್ ಅಂತ ಎರಡು ದಿನ ಹುಡುಕಿದ್ದು ಬರೀ ಕಸ

ನಮ್ಮದೊಂದು ಜಾವಾ ಸರ್ವಿಸ್, ಹೀಪ್ (ಪ್ರೋಗ್ರಾಮ್‌ನ ಆಬ್ಜೆಕ್ಟ್‌ಗಳು ಕೂರೋ ಮೆಮೊರಿ) 4 ಜಿಬಿ. ಸಾಯಂಕಾಲ ಆದ್ರೆ ಸಾಕು, ಮೆಮೊರಿ 85% ದಾಟ್ತು ಅಂತ ಅಲರ್ಟ್ ಬರೋದು. ಲೀಕೇ ಇರಬೇಕು, ಅಂದ್ರೆ ಬೇಡವಾದ ಆಬ್ಜೆಕ್ಟ್‌ಗಳನ್ನ ಕೋಡ್ ಬಿಡದೇ ಹಿಡ್ಕೊಂಡಿರಬೇಕು ಅಂತ ಜಾವಾದ ಜೆಮ್ಯಾಪ್ ಟೂಲ್‌ನಲ್ಲಿ ಹೀಪ್ ಡಂಪ್ (ಹೀಪ್‌ನಲ್ಲಿರೋದರ ನಕಲು) ತಗೊಂಡೆ, ಫೈಲು 3.4 ಜಿಬಿ ಬಂತು, ಡಂಪ್ ಬಿಡಿಸಿ ತೋರ್ಸೋ ಎಕ್ಲಿಪ್ಸ್ ಮ್ಯಾಟ್‌ನಲ್ಲಿ ತೆಗೆದ್ರೆ ಒಟ್ಟು 410 ಎಂಬಿ ಅಂತಿದೆ! ಮಿಕ್ಕ 3 ಜಿಬಿ ಎಲ್ಲೋಯ್ತು? ಡಂಪೇ ಕೆಟ್ಟಿದೆ ಅಂದ್ಕೊಂಡು ಇನ್ನೊಂದ್ಸಲ ತಗೊಂಡೆ, ಈ ಸಲ ಲೈವ್ ಅನ್ನೋ ಆಪ್ಷನ್ ಹಾಕಿ. ಫೈಲೂ ಚಿಕ್ಕದಾಯ್ತು, ಗ್ರಾಫೂ ಧೊಪ್ಪಂತ ಇಳೀತು. ಏನೂ ಮಾಡ್ದೇನೆ ಸರಿಹೋಯ್ತಲ್ಲ ಅಂತ ಖುಷಿ ಬೇರೆ. ಆ ಆಪ್ಷನ್ ಹಾಕಿದ್ರೆ ಡಂಪ್‌ಗೆ ಮುಂಚೆ ಫುಲ್ ಜಿಸಿ (ಗಾರ್ಬೇಜ್ ಕಲೆಕ್ಷನ್, ಯಾರಿಗೂ ಬೇಡವಾದ ಆಬ್ಜೆಕ್ಟ್‌ಗಳ ಕಸ ಗುಡಿಸೋದು) ಓಡತ್ತೆ ಅನ್ನೋದು ಮಾರನೇ ದಿನ ಗೊತ್ತಾಯ್ತು. (ಜೆಸಿಎಮ್‌ಡಿ ಅನ್ನೋ ಇನ್ನೊಂದು ಟೂಲ್‌ನಲ್ಲಿ ತಗೊಂಡ್ರೆ ಡಿಫಾಲ್ಟೇ ಹಂಗೆ, ಆಲ್ ಅಂತ ಕೊಟ್ರೆ ಮಾತ್ರ ಕಸ ಸಮೇತ ಸಿಗೋದು.)

ಮ್ಯಾಟ್ ಕಥೆನೂ ಅದೇ. ಥ್ರೆಡ್ ಸ್ಟ್ಯಾಕು, ಸ್ಟ್ಯಾಟಿಕ್ ಫೀಲ್ಡು ಇಂಥ ಜಿಸಿ ರೂಟ್‌ಗಳಿಂದ ಹಿಡ್ಕೊಂಡು ಹೋದ್ರೆ ಸಿಗದೇ ಇರೋ ಆಬ್ಜೆಕ್ಟ್‌ಗಳನ್ನ, ಅಂದ್ರೆ ವಾರಸುದಾರರಿಲ್ಲದೆ ಜಿಸಿ ಬರ್ಲಿ ಅಂತ ಕಾಯ್ತಾ ಕೂತಿರೋವನ್ನ, ಫೈಲ್ ಓದೋವಾಗ್ಲೇ ಬಿಸಾಕತ್ತೆ. ಅವುಗಳ ಲೆಕ್ಕಕ್ಕೆ ಅನ್‌ರೀಚಬಲ್ ಆಬ್ಜೆಕ್ಟ್ಸ್ ಹಿಸ್ಟೋಗ್ರಾಮ್ ಅಂತ ಬೇರೇನೇ ಇದೆ, ಅದನ್ನ ನೋಡಿದ್ರೆ ಸಾಲು ಸಾಲು ಎಕ್ಸ್‌ಎಮ್‌ಎಲ್‌ಬೀನ್ಸ್ (ಎಕ್ಸ್‌ಎಮ್‌ಎಲ್ ಓದಿ ಬರೆಯೋ ಲೈಬ್ರರಿ) ಕ್ಲಾಸ್‌ಗಳು. ಸರಿ, ಇವನ್ನೆಲ್ಲ ಹಿಡ್ಕೊಂಡಿದ್ದೋರು ಯಾರು? ಹಿಸ್ಟೋಗ್ರಾಮ್ ಅದನ್ನ ಹೇಳಲ್ಲ. ಪ್ರಿಫರೆನ್ಸಸ್‌ಗೆ ಹೋಗಿ ಕೀಪ್ ಅನ್‌ರೀಚಬಲ್ ಆಬ್ಜೆಕ್ಟ್ಸ್ ಟಿಕ್ ಮಾಡ್ದೆ, ಮತ್ತೆ ತೆಗೆದೆ, ಅದೇ 410. ಮ್ಯಾಟ್ ಮೊದಲ ಸಲ ಓದಿದಾಗ ಬರೆದಿಟ್ಟ ಹಳೇ ಇಂಡೆಕ್ಸ್ ಫೈಲ್‌ಗಳು ಡಂಪ್ ಪಕ್ಕದಲ್ಲೇ ಕೂತಿದ್ವು, ಅವನ್ನ ಡಿಲೀಟ್ ಮಾಡಿ ತೆಗೆದ ಮೇಲೇ ಪೂರ್ತಿ ಬಂದಿದ್ದು.

ಯಾವ ಆಬ್ಜೆಕ್ಟ್ ಯಾವುದನ್ನ ಹಿಡ್ಕೊಂಡಿದೆ ಅಂತ ತೋರ್ಸೋ ಡಾಮಿನೇಟರ್ ಟ್ರೀ ತುಂಬ ಎಕ್ಸ್‌ಎಸ್‌ಎಸ್‌ಎಫ್ ವರ್ಕ್‌ಬುಕ್‌ಗಳು. ಸಾಯಂಕಾಲ ಅಕೌಂಟ್ಸ್‌ನೋರು ಎಕ್ಸೆಲ್ ರಿಪೋರ್ಟ್ ಇಳಿಸ್ಕೊಳ್ತಾರೆ, ಎಕ್ಸೆಲ್ ಫೈಲ್ ಬರೆಯೋ ಲೈಬ್ರರಿ ಅಪಾಚೆ ಪಿಒಐನ ಆ ವರ್ಕ್‌ಬುಕ್ ಕ್ಲಾಸು ಶೀಟ್ ಪೂರ್ತಿ ಮೆಮೊರಿಯಲ್ಲೇ ಕಟ್ಟತ್ತೆ, ಫೈಲ್ ಕಳಿಸಾದ ಮೇಲೆ ಅಷ್ಟೂ ಕಸ. ಲೀಕ್ ಇರ್ಲೇ ಇಲ್ಲ, ಜಾವಾ ಓಡಿಸೋ ಜೆವಿಎಮ್‌ಗೆ ಜಾಗ ಬೇಕು ಅನ್ಸೋವರೆಗೂ ಗುಡಿಸಿಲ್ಲ ಅಷ್ಟೆ. ಅಲರ್ಟನ್ನ ಜಿಸಿ ಆದ್ಮೇಲೆ ಉಳಿಯೋ ಹೀಪ್ ಮೇಲಿಟ್ಟೆ. ಕಸ ಇಷ್ಟೊಂದು ಯಾಕೆ ಆಗ್ಬೇಕು ಅಂತ ಪಿಒಐನದ್ದೇ ಎಸ್‌ಎಕ್ಸ್‌ಎಸ್‌ಎಸ್‌ಎಫ್‌ಗೂ ಬದಲಾಯಿಸ್ದೆ, ಅದು ಡಿಫಾಲ್ಟಾಗಿ 100 ರೋ ಮಾತ್ರ ಮೆಮೊರಿಯಲ್ಲಿ ಇಟ್ಕೊಂಡು ಮಿಕ್ಕಿದ್ದನ್ನ ಟೆಂಪ್ ಫೈಲ್‌ಗೆ ಬರಿಯತ್ತೆ.

ಎರಡು ವಾರಕ್ಕೆ ಇನ್ನೊಂದು ಅಲರ್ಟ್, ಈ ಸಲ ಡಿಸ್ಕ್ ಫುಲ್. ಆ ಟೆಂಪ್ ಫೈಲ್‌ಗಳನ್ನ ಅಳಿಸೋ ಡಿಸ್ಪೋಸ್ ಮೆಥಡ್ ಕರೆಯೋದು ಮರ್ತಿದ್ದೆ, ಟೆಂಪ್ ಫೋಲ್ಡರ್ ತುಂಬ ನನ್ನವೇ ಫೈಲು.